ಖಾಲಿ ಕುರ್ಚಿಗೂ ನಾಲ್ಕು ಎಲೆ

ಮಾರ್ಚ್ 3, ಭಾನುವಾರ, ಸಂಜೆ 6

ಮತ್ತೆ ಗೆದ್ದೆ. ಕಪ್ ಅಲ್ಲ, ಇನ್ನೂ ಮೂರು ಭಾನುವಾರ ಆಟವಿದೆ. ಆದರೆ ಮೇಜಿನಲ್ಲಿ ಬಿಲ್ಲೆಗಳ ದೊಡ್ಡ ರಾಶಿ ನನ್ನದೇ. ಹಳ್ಳಿ ಶಾಲೆಯಲ್ಲಿ ಇಪ್ಪತ್ತರ ಮಗ್ಗಿ ತಲೆಕೆಳಗಾಗಿ ಹೇಳಿದವನು ನಾನು, ಈ ಸೈಕಲ್ ಅಂಗಡಿ ಮೇಲಿನ ಕ್ಲಬ್ಬಿನವರು ಯಾವ ಲೆಕ್ಕ!

ನಾವಾಡುವ ಇಸ್ಪೀಟಾಟ ಒಮಾಹಾದಲ್ಲಿ ಕೈಗೆ ನಾಲ್ಕು ಎಲೆ. ಅದರಲ್ಲಿ ಎರಡು, ಮೇಜಿನ ಮೇಲಿನದರಲ್ಲಿ ಮೂರು, ಅಷ್ಟೇ ಸೇರಬೇಕು. ಇವತ್ತು ನನ್ನ ಕೈಯಲ್ಲಿ ಗುಲಾಮ, ಹತ್ತು, ಏಳು, ಆರು. ಮೇಜಿನ ಮೇಲೆ ಒಂಬತ್ತು, ಎಂಟು, ಎರಡು; ಇನ್ನೆರಡು ಎಲೆ ಬರಬೇಕು. ಆಗಿದ್ದು ಏನೂ ಇಲ್ಲ, ಆಗಬಹುದಾದದ್ದು ಬೆಟ್ಟದಷ್ಟು. ಇಪ್ಪತ್ತು ಎಲೆಗಳಲ್ಲಿ ಯಾವುದು ಬಂದರೂ ಐದೆಲೆಯ ಸಾಲು ಕೂಡುತ್ತದೆ. ಇಂಥ ಕೈಯನ್ನು ಮುದ್ದಾಡುತ್ತ ಕೂರಬಾರದು. ಮಧ್ಯದಲ್ಲಿ ಎಷ್ಟಿದೆಯೋ ಅಷ್ಟನ್ನೂ, ಅಂದರೆ ಪಾಟ್, ಕಟ್ಟಬೇಕು. ಎದುರಿನವನು ಹೆದರಿ ಎಲೆ ಎಸೆದು ಕೈಬಿಟ್ಟರೆ ಲಾಭ, ಎಸೆಯದಿದ್ದರೆ ಇಪ್ಪತ್ತು ಎಲೆ ಕಾಯುತ್ತಿವೆ. "ಪಾಟ್!" ಅಂದೆ.

ಎದುರಿಗೆ ವಾಚ್ ರಿಪೇರಿಯವನು. ಮೂವತ್ತು ವರ್ಷದ ಗೆಳೆಯ. ಎಂಟು ನಿಮಿಷ ಯೋಚಿಸಿದ. ಆಮೇಲೆ ತನ್ನ ಪ್ರಶ್ನೆ ಬಳಸಿದ. ನಮ್ಮ ಕ್ಲಬ್ಬಿನ ಪದ್ಧತಿ: ಇಡೀ ಪಂದ್ಯಕ್ಕೆ ಒಬ್ಬೊಬ್ಬನಿಗೆ ಒಂದೇ ಪ್ರಶ್ನೆ. ಕೇಳಿಸಿಕೊಂಡವನು ಸುಮ್ಮನಿರಬಹುದು, ಬಾಯಿ ಬಿಟ್ಟರೆ ನಿಜವನ್ನೇ ಹೇಳಬೇಕು. ಹನ್ನೊಂದು ವರ್ಷದಲ್ಲಿ ಯಾರೂ ಸುಳ್ಳು ಹೇಳಿಲ್ಲ.

"ಸಾಲು ಆಗಿದೆಯೇನೋ?"

"ಆಗಿದೆ ಕಣಯ್ಯಾ. ಎಸಿ."

ಎಸೆದ. ನಾನು ಎಲೆ ಮುಚ್ಚಿಯೇ ಒಪ್ಪಿಸಿದೆ. ಯಾರಿಗೆ ಗೊತ್ತಾಗಬೇಕು!

ಮಾರ್ಚ್ 6, ಬುಧವಾರ

ವಾಚ್ ರಿಪೇರಿಯವನು ಹೋದ. ಸೋಮವಾರ ಮಧ್ಯಾಹ್ನ, ಅಂಗಡಿಯಲ್ಲೇ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ಹಾಗೇ. ಗಿರಾಕಿಯೊಬ್ಬಳು ಹತ್ತು ನಿಮಿಷ ಕಾದಳಂತೆ, ಕೆಲಸದಲ್ಲಿದ್ದಾನೆ ಎಂದುಕೊಂಡು.

ಬರೆಯಲು ಮನಸ್ಸಿಲ್ಲ.

ಮಾರ್ಚ್ 10, ಭಾನುವಾರ

ಕ್ಲಬ್ಬಿನ ಕಾರ್ಯದರ್ಶಿ, ಹಲ್ಲು ಡಾಕ್ಟರ್, ನಿಯಮ ಓದಿದ: ಆಟಗಾರ ಇಲ್ಲದಿದ್ದರೂ ಬಿಲ್ಲೆ ಮೇಜಿನಲ್ಲೇ ಇರಬೇಕು. ಎಲೆ ಹಂಚಬೇಕು. ಪ್ರತಿ ಸುತ್ತಿಗೂ ಅವನ ರಾಶಿಯಿಂದ ಮೂರು ಸಾವಿರ ಕಡ್ಡಾಯದ ಬಿಲ್ಲೆ ಕೀಳಬೇಕು. ಯಾರಾದರೂ ಪಂಥ ಕಟ್ಟಿದರೆ ಇಲ್ಲದವನ ಎಲೆ ಎಸೆಯಬೇಕು. ರಾಶಿ ಕರಗುವ ತನಕ ಹೀಗೇ.

ಎಲೆ ಹಂಚುವವಳು ನನ್ನ ಅಕ್ಕನ ಮಗಳು; ಅವಳು ಕರೆಯುವುದು ಕೇಳಿ ಕ್ಲಬ್ಬಿಗೆಲ್ಲ ನಾನು ಮಾವ. ವಾರವೆಲ್ಲ ಆಸ್ಪತ್ರೆಯಲ್ಲಿ ನರ್ಸು. ಖಾಲಿ ಕುರ್ಚಿಯ ಮುಂದೆ ನಾಲ್ಕು ಎಲೆ ಇಡುವಾಗ ಅವಳ ಕೈ ಸ್ವಲ್ಪ ತಡೆಯಿತು.

"ಹಾಕೇ, ಅವನೇನು ಕಚ್ಚಲ್ಲ," ಅಂದೆ.

"ಮಾವಾ, ಬಾಯಿಗೂ ಒಂದು ಭಾನುವಾರ ರಜಾ ಕೊಡಿ."

ಆರು ಸುತ್ತು ಆಯಿತು. ಕೊನೆಗೆ ಎಣಿಸಿದರೆ ಅವನ ರಾಶಿ ನಲವತ್ತೈದು ಸಾವಿರ. ಬೆಳಿಗ್ಗೆಯೂ ನಲವತ್ತೈದು. ಪ್ರತಿ ಸುತ್ತಿಗೂ ಕಿತ್ತೆ ಎಂದು ಹುಡುಗಿ ಆಣೆ ಹಾಕಿದಳು; ನಾನೂ ನೋಡಿದ್ದೇನೆ. ಒಟ್ಟು ಬಿಲ್ಲೆ ಸರಿಯಿದೆ. ಕಮ್ಮಿಯಾಗಿರುವುದು ನನ್ನ ರಾಶಿಯಲ್ಲಿ. ಸರಿಯಾಗಿ ಹದಿನೆಂಟು ಸಾವಿರ.

ನಾನು ಲೆಕ್ಕ ತಪ್ಪುವವನಲ್ಲ.

ಮಾರ್ಚ್ 14, ಗುರುವಾರ

ಅವನ ಮನೆಗೆ ಹೋಗಿಬಂದೆ. ಗೋಡೆ ತುಂಬ ಗಡಿಯಾರ, ಯಾವುದಕ್ಕೂ ಕೀಲಿ ಕೊಟ್ಟಿಲ್ಲ. ಅವನ ಹೆಂಡತಿ, ನನಗೆ ಅತ್ತಿಗೆ, ನೀರು ತಂದಿಟ್ಟರು.

"ಇವರು ಆ ಭಾನುವಾರ ಆಟ ಮುಗಿಸಿ ಬಂದು ಊಟಾನೇ ಮಾಡ್ಲಿಲ್ಲ. ಒಳ್ಳೇ ಕೈ ಎಸೆದುಬಿಟ್ಟೆ ಅಂತಾನೇ ಇದ್ರು. ಆಮೇಲೆ ತಾವೇ ಸಮಾಧಾನ ಮಾಡ್ಕೊಂಡ್ರು, ಅವನು ಆಗಿದೆ ಅಂದಮೇಲೆ ಆಗಿದೆ ಅಂತ." ಲೋಟವನ್ನು ನನ್ನ ಕಡೆ ಸರಿಸಿದರು. "ಆಗಿತ್ತು ತಾನೇ?"

"ಆಗಿತ್ತು ಅತ್ತಿಗೆ."

"ಹಾಗಾದ್ರೆ ಸರಿ."

ನೀರು ಹಾಗೇ ಬಿಟ್ಟು ಎದ್ದೆ. ಹೇಳಿಬಿಡಬಹುದಿತ್ತು... ಆದರೆ ಹೇಳಿದರೆ ಹನ್ನೊಂದು ವರ್ಷದ ಹೆಸರು ಒಂದೇ ಗುಟುಕಿಗೆ ಹೋಗುತ್ತದೆ. ಕಪ್ ಬರಲಿ, ಆಮೇಲೆ ನೋಡೋಣ.

ಮಾರ್ಚ್ 19, ಮಂಗಳವಾರ

ಭಾನುವಾರದ್ದು ಇವತ್ತು ಬರೆಯುತ್ತಿದ್ದೇನೆ. ಎರಡು ದಿನ ಪೆನ್ನು ಹಿಡಿಯಲಿಲ್ಲ.

ಮೂರು ಸಲ ದೊಡ್ಡ ಕೈ ಬಂತು, ಕಾಯುವ ಕೈ. ಹದಿನಾರು, ಹದಿನೇಳು, ಇಪ್ಪತ್ತು ಎಲೆ ನನ್ನ ಕಡೆಗೆ. ಮೂರು ಸಲವೂ ಪಾಟ್ ಕಟ್ಟಿದೆ. ಖಾಲಿ ಕುರ್ಚಿಯ ಎಲೆ ಎಸೆದರು, ಬೇರೆ ಯಾರೋ ಒಬ್ಬ ಉಳಿದುಕೊಂಡ, ನನಗೆ ಬೇಕಾದ ಎಲೆ ಬರಲಿಲ್ಲ. ಮೂರನೇ ಸಲ, ಆಟ ಮುಗಿದ ಮೇಲೆ, "ಆ ಕುರ್ಚಿ ಎಸೆದದ್ದನ್ನ ತಿರುಗಿಸು" ಅಂದೆ ಹುಡುಗಿಗೆ.

ರಾಣಿ, ರಾಣಿ, ಐದು, ಐದು. ನಾಲ್ಕೂ ನಾನು ಕಾಯುತ್ತಿದ್ದವೇ.

"ಕಾಕತಾಳೀಯ ಮಾವ," ಅಂದ ಹಲ್ಲು ಡಾಕ್ಟರ್. "ನಾಲ್ಕು ಹೋದರೂ ಹದಿನಾರು ಉಳಿದಿತ್ತಲ್ಲ?"

ಉಳಿದಿತ್ತು. ಅದೇ ನನ್ನನ್ನು ತಿನ್ನುತ್ತಿರುವುದು.

ಇನ್ನು ಕಾಯುವ ಕೈಗೆ ಒಂದು ಬಿಲ್ಲೆಯೂ ಇಲ್ಲ. ಚೆಂದವಾಗಿ ಎಸೆಯುವುದು. ಪಂದ್ಯದಲ್ಲಿ ಬಿಲ್ಲೆ ಮುಗಿದರೆ ಎದ್ದು ಹೋಗಬೇಕು, ಮತ್ತೆ ಕೊಳ್ಳುವಂತಿಲ್ಲ. ಕೈ ಆಗಿದ್ದರೆ ಮಾತ್ರ ಕಟ್ಟುವುದು. ನಲವತ್ತು ವರ್ಷದ ಆಟ ಬದಲಿಸಿಕೊಂಡೆ, ಒಂದು ಖಾಲಿ ಕುರ್ಚಿಗೆ ಹೆದರಿ. ಇದನ್ನು ಯಾರಿಗೂ ಹೇಳಿಲ್ಲ.

ಮಾರ್ಚ್ 24, ಭಾನುವಾರ, 4.40, ಕ್ಲಬ್ಬಿನ ಮೆಟ್ಟಿಲ ಮೇಲೆ

ಹತ್ತು ನಿಮಿಷ ವಿರಾಮ ಕೊಟ್ಟಿದ್ದಾರೆ.

ಹೊಸ ಆಟ ಫಲಿಸಿತು. ಒಬ್ಬೊಬ್ಬರಾಗಿ ಎದ್ದರು. ಮೂರು ಗಂಟೆಗೆ ಮೇಜಿನಲ್ಲಿ ಉಳಿದದ್ದು ನಾನು ಮತ್ತು ಕುರ್ಚಿ. "ಸುಮ್ನೆ ಕೂತಿರಿ ಮಾವ, ಅರ್ಧ ಗಂಟೇಲಿ ಅದು ಕರಗುತ್ತೆ, ಕಪ್ ನಿಮ್ದೇ," ಅಂದ ಡಾಕ್ಟರ್. ಒಂದೂವರೆ ಗಂಟೆ ಆಯಿತು, ಆದ ಕೈ ನನಗೊಂದೂ ಬರಲಿಲ್ಲ. ಅದು ಕರಗಲಿಲ್ಲ. ನಾನು ಕರಗಿದೆ.

ಕೊನೆಗೆ ಮೇಜಿನ ಮೇಲೆ ಮೂರು ಎಲೆ ಬಂದಾಗ ನನಗೆ ಮತ್ತೆ ಕಾಯುವ ಕೈ. ಎಸೆಯಬೇಕಿತ್ತು. ಆದರೆ ಎದುರಿಗೆ ಯಾರಿದ್ದಾರೆ? ಕಟ್ಟಿದರೆ ಸಾಕು, ನಿಯಮದ ಪ್ರಕಾರ ಅವನ ಎಲೆ ಎಸೆಯಲೇಬೇಕು. "ಪಾಟ್" ಅಂದೆ. ಇದ್ದಬದ್ದದ್ದೆಲ್ಲ ಮುಂದೆ ತಳ್ಳಿದೆ.

ಹುಡುಗಿ ಅವನ ಎಲೆ ಎತ್ತಲು ಕೈ ಚಾಚಿದಳು. ಎಲೆ ಏಳಲಿಲ್ಲ. ಉಗುರಿನಿಂದ ಕೆದಕಿದಳು. ಉಗುರು ಮುರಿಯಿತು.

"ಮಾವಾ... ಮೇಲಿಂದ ಯಾರೋ ಒತ್ತಿ ಹಿಡಿದ ಹಾಗಿದೆ."

"ಬೆವರಿಗೆ ಅಂಟಿರಬೇಕು," ಅಂದ ಡಾಕ್ಟರ್. ತಾನೂ ಎತ್ತಿ ನೋಡಿದ. ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ದೂರ ನಿಂತ. ಯಾರೂ ನಗಲಿಲ್ಲ. ನಾನೂ.

ಅವನು ಎಸೆಯುವುದಿಲ್ಲ. ಒಂದು ಸಲ ನನ್ನ ಮಾತು ನಂಬಿ ಎಸೆದವನು.

ಅತ್ತಿಗೆಗೆ ಹೇಳಿಕಳಿಸಿದ್ದೇನೆ. ಕೆಳಗೆ ಸೈಕಲ್ ಅಂಗಡಿ ಹತ್ತಿರ ಅವರ ದನಿ ಕೇಳುತ್ತಿದೆ, ದಾರಿ ವಿಚಾರಿಸುತ್ತಿದ್ದಾರೆ. ಎಲ್ಲರೆದುರು ಹೇಳುವ ಮೊದಲು ಇಲ್ಲಿ ಒಂದು ಸಲ ಬರೆದು ನೋಡುತ್ತೇನೆ. ಇಷ್ಟು ವರ್ಷ ಬಡಾಯಿ ಹೊಡೆದ ಬಾಯಿ, ಅಭ್ಯಾಸವಿಲ್ಲ.

ಪಕ್ಕದ ಮೆಟ್ಟಿಲು ಕಿರ್ ಅಂದಿತು. ಯಾರೂ ಇಲ್ಲ. ಓದುವುದಿದ್ದರೆ ಓದಲಿ.

ಗೆಳೆಯಾ, ಅವತ್ತು ನೀನು ಕೇಳಿದಾಗ ನನ್ನ ಕೈಯಲ್ಲಿ ಏನೂ...