ಕುಶಲಬಾಯಿಯ ಹಿತ್ತಿಲ ಗೋಡೆ

ಬಿಬವೇವಾಡಿ, ಪುಣೆ
೧೧ ಜೂನ್ ೧೯೮೯, ರವಿವಾರ

ಮಗಳು ಬಸವಣ್ಣೆವ್ವನಿಗೆ,

ನಿನ್ನ ಅಪ್ಪನ ಆಶೀರ್ವಾದ. ನಾನು, ನಿಮ್ಮವ್ವ, ನಿನ್ನ ಮಗಳು ಇಂದೂ ಮೂವರೂ ಗಟ್ಟಿಯಾಗಿದ್ದೇವೆ. ಕುರಕುಂಭದಲ್ಲಿ ನೀನೂ ಅಳಿಯನೂ ಹಾಗೇ ಇದ್ದೀರೆಂದು ತಿಳಿದಿದ್ದೇನೆ. ನಿನ್ನ ಎರಡು ಪತ್ರ ಬಂದವು. ಎರಡನೆಯದರಲ್ಲಿ ಒಂದೇ ಸಾಲು: "ಮನಿ ಸಿಕ್ತೋ, ಇಲ್ಲಾ ಹುಡುಗೀನ ಕರಕೊಂಡು ಹೋಗಾಕ ನಾನೇ ಬರ್ಲೋ?" ಅಪ್ಪನಿಗೆ ಹೀಗೆ ಬರೆಯುತ್ತಾರೇನು? ಸಿಟ್ಟು ಬಂತು. ಆದರೆ ತಡ ಮಾಡಿದ್ದು ನನ್ನದೇ ತಪ್ಪು. ಮನೆ ಸಿಗುವ ತನಕ ಪೆನ್ನು ಮುಟ್ಟುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೆ. ನನ್ನದು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ, ಗಾರೆ ಮೆತ್ತಿದ ಹಾಗೆ ಇರುತ್ತದೆ. ಸಾವಕಾಶ ಓದಿಕೋ. ಬೇರೆ ಯಾರಿಂದಲೂ ಓದಿಸಬೇಡ.

ಮನೆ ಸಿಕ್ಕಿತು. ಮೇಲಿನ ವಿಳಾಸ ನೋಡು, ಯೆರವಡಾದ ನಮ್ಮ ಹಳೇ ಮನೆಯದಲ್ಲ. ನಾಳೆ ಇಂದೂ ಶಾಲೆಗೆ ಹೋಗುತ್ತಾಳೆ, ನಡೆದುಕೊಂಡು, ಆರೇ ನಿಮಿಷ. ನಾನೇ ಗಡಿಯಾರ ಕಟ್ಟಿಕೊಂಡು ನಡೆದು ನೋಡಿದ್ದೇನೆ. ಅವಳು ಕುಣಿದುಕೊಂಡು ಹೋದರೆ ಐದು.

ಏಪ್ರಿಲಿನಲ್ಲಿ ಅವಳನ್ನು ನಮ್ಮ ಹತ್ತಿರ ಬಿಟ್ಟು ಹೋಗುವಾಗ ನೀನು ಏನು ಹೇಳಿದೆ, ನೆನಪಿದೆಯೇ? "ಅಪ್ಪಾ, ಛಲೋ ಸಾಲಿಗೆ ಹಾಕ್ತೀಯಂದ್ರ ಬಿಡ್ತೀನಿ. ಇಕಿ ತಲಿಮ್ಯಾಲ ಮಾತ್ರ ಗಾರಿ ಬುಟ್ಟಿ ಇಡಬ್ಯಾಡ." ಆವತ್ತು ನಾನು ಬೀಡಿ ಹಚ್ಚುವ ನೆವ ಮಾಡಿ ಮುಖ ತಿರುಗಿಸಿದೆ.

ಬಿಬವೇವಾಡಿಯ ಈ ಶಾಲೆ ಒಳ್ಳೆಯದೆಂದು ಹತ್ತು ಮಂದಿ ಹೇಳಿದ್ದರು. ಇಂದೂ ಪರೀಕ್ಷೆ ಬರೆದಳು, ಪಾಸಾದಳು. ಆದರೆ ಶಾಲೆಯ ಹೆಡ್‌ಮಿಸ್ಟ್ರೆಸ್ ಬಾಯಿಯವರು ಕನ್ನಡಕ ಇಳಿಸಿ, "ಎಂಟು ವರ್ಷದ ಹುಡುಗಿ ಯೆರವಡಾದಿಂದ ಎರಡು ಬಸ್ಸು ಬದಲಿಸಿ ಬರುವುದು ಆಗದು. ಜೂನ್ ಎಂಟನೇ ತಾರೀಖಿನೊಳಗೆ ಇಲ್ಲಿಯ ಮನೆಮಾಲಕರ ಸಹಿ ಇರುವ ಬಾಡಿಗೆ ಚೀಟಿ ತನ್ನಿ, ಇಲ್ಲದಿದ್ದರೆ ಜಾಗ ಬೇರೆಯವರಿಗೆ" ಎಂದರು. ಶಾಲೆಯ ಹತ್ತಿರದ ಮನೆ ಎಂದರೆ ಸುಮ್ಮನೇ ಏನು? ಬಾಡಿಗೆ ಕೇಳಿಯೇ ನಿಮ್ಮವ್ವ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ನಮ್ಮ ಕೈಗೆ ಎಟಕುವಂಥವು ಹನ್ನೆರಡು ಖೋಲಿ ಸಿಕ್ಕವು. ಹನ್ನೊಂದನ್ನು ನಾನೇ ಕೆಡಿಸಿದೆ.

ನಿನಗೆ ಗೊತ್ತಲ್ಲ, ಗೋಡೆ ಕಟ್ಟುವ ಗೌಂಡಿ ನಾನು, ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುವ ಓಳಂಬ ನನ್ನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಮೊದಲ ಖೋಲಿಯ ಮಾಲಕ, "ಹೊಸಾದು, ಗಟ್ಟಿ" ಎಂದು ಗೋಡೆ ತಟ್ಟಿದ. ನಾನು ದಾರ ಬಿಟ್ಟು ಹಿತ್ತಾಳೆ ಗುಂಡು ಇಳಿಸಿದೆ. ಗೋಡೆ ಎರಡು ಬೆರಳು ಹೊರಗೆ. "ಸಾಹೇಬ್ರ, ನಿಮ್ಮ ಗ್ವಾಡಿ ಕುಡದು ನಿಂತಾಂಗ ಅದ" ಎಂದೆ. ಅವನೇ ನಿಂತು ಕಟ್ಟಿಸಿದ್ದನಂತೆ. ಚಪ್ಪಲಿ ಹಾಕಿಕೊಳ್ಳಲೂ ಬಿಡಲಿಲ್ಲ. ಇನ್ನೊಬ್ಬ, "ನೌಕರಿ ಮಂದಿಗೇ ಕೊಡೋದು, ಗೌಂಡಿಗಳಿಗೆ ಕೊಡೋದಿಲ್ಲ" ಎಂದ. "ನೀ ಕುಂತ ಮನಿ ಕಾರಕೂನ ಕಟ್ಟ್ಯಾನೇನು?" ಎಂದು ಕೇಳಿದೆ. ಅದೂ ಹೋಯಿತು. ಒಂದನ್ನು ಮಾತ್ರ ನಿಮ್ಮವ್ವ ಕೆಡಿಸಿದ್ದು, ಅದನ್ನೂ ನನ್ನ ಲೆಕ್ಕಕ್ಕೇ ಹಾಕಿದ್ದಾಳೆ. ಆ ಮನೆಯ ಮಾಲಕಿ, "ಬೀಗರು ಬಿಜ್ಜರು ಬರ್ತಾರೇನು?" ಎಂದು ಕೇಳಿದ್ದಕ್ಕೆ ನಿಮ್ಮವ್ವ ಬೆರಳು ಮಡಚಿ, "ಪಂಚಮಿಗೆ ಹದಿನಾಲ್ಕು ಮಂದಿ ಬರ್ತಾರ್ರೀ, ಕೂಸುಗಳನ್ನ ಬಿಟ್ಟು" ಎಂದಳು. ಬಾಗಿಲು ಹಾಕಿದ ಸಪ್ಪಳ ಕಾತ್ರಜದ ತನಕ ಕೇಳಿಸಿರಬೇಕು.

ಹನ್ನೊಂದನೆಯದು ಹೋದ ದಿನ ನಿಮ್ಮವ್ವ ನಡುರಸ್ತೆಯಲ್ಲಿ ನಿಂತು, "ನಿನ್ನ ಓಳಂಬಾನ ಸಾಲಿಗೆ ಹಚ್ಚು, ಹುಡುಗಿ ಮನ್ಯಾಗ ಇರ್ಲಿ" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಇಂದೂ ಅಂಗಡಿಯಿಂದ ಒಂದು ಇಡೀ ಅಡಿಕೆ ತಂದು, "ಮುತ್ಯಾ, ಮನಿ ನೋಡೂ ತನಾ ಇದನ್ನ ಬಾಯಾಗ ಇಟ್ಕೋ. ಕಡೀಬ್ಯಾಡ. ಮಾತಾಡಬ್ಯಾಡ. ಆಣಿ" ಎಂದಳು. ಥೇಟ್ ನಿನ್ನದೇ ದನಿ. ಇಟ್ಟುಕೊಂಡೆ.

ಹನ್ನೆರಡನೆಯದು ಕುಶಲಬಾಯಿಯವರದು. ಸರಕಾರಿ ದವಾಖಾನೆಯಲ್ಲಿ ನರ್ಸು ಆಗಿದ್ದವರು, ಈಗ ಮನೆಯಲ್ಲಿ ಒಬ್ಬರೇ. ಹಿತ್ತಿಲಲ್ಲಿ ಎರಡು ಖೋಲಿ, ನಲ್ಲಿ, ತುಳಸಿಕಟ್ಟೆ. ಬಾಡಿಗೆ ನಾವು ಕೊಡಬಹುದಾದಷ್ಟೇ. ಯಾರ ಜಾತಿ, ಯಾವ ಕೆಲಸ, ಏನೂ ಕೇಳಲಿಲ್ಲ. ಇಂದೂಳ ಕೈಯಲ್ಲಿ ಬೆಲ್ಲದ ತುಂಡು ಇಟ್ಟು ಮರಾಠಿಯಲ್ಲಿ, "ಹಿಡಿಸಿತೇನು?" ಎಂದರು. ನಿಮ್ಮವ್ವ, "ಭಾಳ ಛಲೋ ಅದ್ರೀ" ಎಂದಳು. ನಾನು ಅಡಿಕೆ ಹಿಡಿದು ಹಿಂದಿನ ಗೋಡೆಯ ಮುಂದೆ ನಿಂತಿದ್ದೆ.

ಬಸವಣ್ಣೆವ್ವ, ಆ ಗೋಡೆ ಬಸುರಿ ಹೆಂಗಸಿನ ಹಾಗೆ ಉಬ್ಬಿತ್ತು. ಬುಡದಲ್ಲಿ ಹಸಿ. ಮೇಲೆ ಹೊಸ ಸುಣ್ಣ. ನಿಮ್ಮವ್ವ ನನ್ನ ಕಡೆ ನೋಡಿ ಕಣ್ಣಲ್ಲೇ "ಸುಮ್ಮನಿರು" ಎಂದಳು. ತಾರೀಖು ಮೇ ಇಪ್ಪತ್ತೇಳು. ಇದೂ ಹೋದರೆ ಇನ್ನು ಮನೆಯಿಲ್ಲ, ಶಾಲೆಯಿಲ್ಲ, ನೀನು ಬಂದು ಹುಡುಗಿಯನ್ನು ಕರೆದುಕೊಂಡು ಹೋಗುತ್ತೀಯ. ಸುಮ್ಮನಿದ್ದರೆ ಹುಡುಗಿ ಆ ಗೋಡೆಗೇ ತಲೆ ಹಚ್ಚಿ ಮಲಗಬೇಕು. ಅಡಿಕೆಯನ್ನು ಕೈಗೆ ಉಗುಳಿ ಹೇಳಿಬಿಟ್ಟೆ: "ಬಾಯಾರ, ಈ ಗ್ವಾಡಿ ಈ ಮಳಿಗಾಲ ದಾಟೂದಿಲ್ಲ. ನಮಗ ಕೊಡ್ರಿ, ಬಿಡ್ರಿ. ಯಾರನ್ನೂ ಇಲ್ಲಿ ಮಲಗಿಸಬ್ಯಾಡ್ರಿ."

ನಿಮ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಇಂದೂ ಬೆಲ್ಲ ಚೀಪುವುದನ್ನು ಬಿಟ್ಟಳು.

ಕುಶಲಬಾಯಿ, "ತೋರಿಸಿ" ಎಂದರು. ಓಳಂಬ ಬಿಟ್ಟೆ. ಉಬ್ಬು ದಾರವನ್ನು ನೂಕಿತ್ತು, ಬುಡದಲ್ಲಿ ಗುಂಡಿಗೂ ಗೋಡೆಗೂ ನಡುವೆ ನನ್ನ ನಾಲ್ಕು ಬೆರಳು ಹೋದವು. ಅವರೂ ತಮ್ಮ ಬೆರಳು ಹಾಕಿ ನೋಡಿದರು. "ಮೂರು ಮಂದಿ ಕಾಂಟ್ರಾಕ್ಟರು ಬಂದು ನೋಡಿದರು. ಮೂವರೂ ಸುಣ್ಣ ಬಳಿಸಿ ಸಾಕು ಅಂದರು. ಖೋಲಿ ಕೇಳಲು ಬಂದವರೆಲ್ಲ ಬಾಡಿಗೆ ಇಳಿಸಿ ಅಂದರು. ಗೋಡೆಯ ಮಾತು ಯಾರೂ ಎತ್ತಲಿಲ್ಲ. ನಿಮಗೆ ಕಟ್ಟಲು ಬರುತ್ತದೇನು?" ಎಂದರು. "ಮತ್ತೇನು ನಾ ಹಾರ್ಮೋನಿಯಂ ಬಾರಸ್ತೀನೇನ್ರಿ?" ಎಂದುಬಿಟ್ಟೆ. ಅವರು ನಕ್ಕರು ನೋಡು, ನಿಮ್ಮವ್ವನಿಗೆ ಆಗ ಉಸಿರು ಬಂತು.

ಸಾಮಾನು ಅವರದು, ನನ್ನ ಕೂಲಿ ಬಾಡಿಗೆಯಲ್ಲಿ ವಜಾ. ಚೀಟಿಗೆ ಅಲ್ಲೇ ಸಹಿ ಹಾಕಿದರು. ತಗಡಿನ ಮಾಡಿಗೆ ಆಸರೆ ಕೊಟ್ಟು, ಹಳೆಯದನ್ನು ಬುಡದ ತನಕ ಬಿಚ್ಚಿ, ಒಂಬತ್ತು ದಿನದಲ್ಲಿ ಕಟ್ಟಿದೆ. ನಿಮ್ಮವ್ವ ಗಾರೆ ಕಲಸಿದಳು. ನನ್ನ ಐವತ್ತೆಂಟು ವರ್ಷದ ಆಯುಷ್ಯದಲ್ಲಿ ಇಷ್ಟು ನೆಟ್ಟಗಿನ ಗೋಡೆ ನಾನು ಕಟ್ಟಿಲ್ಲ. ಮೊನ್ನೆ ಮೊದಲ ಮಳೆ ಹೊಡೆಯಿತು. ಕುಶಲಬಾಯಿ ಕೊಡೆ ಹಿಡಿದು ಬಂದು ಒಳಗಿನಿಂದ ಗೋಡೆಗೆ ಕೈ ಇಟ್ಟರು. ಒಣ. ಅವತ್ತು ಅವರ ಮನೆಯಲ್ಲಿ ಪುರಣಪೋಳಿ, ನಮಗೂ ಆರು ಬಂದವು. ನಾಲ್ಕನ್ನು ನಿನ್ನ ಮಗಳೇ ತಿಂದಳು.

ಒಂದು ಮಾತು ಮುಚ್ಚಿಡುವುದಿಲ್ಲ, ಇಂದೂ ಹೇಗೂ ನಿನಗೆ ಹೇಳುತ್ತಾಳೆ. ಕೆಲಸದ ನಾಲ್ಕನೇ ದಿನ ಅವಳು ಆಟಕ್ಕೆಂದು ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಂಡು ಗಾರೆಯ ಸಣ್ಣ ಬುಟ್ಟಿ ಎತ್ತಿಕೊಂಡು ಬಂದಳು. ನಾನು ಕಸಿದು ಎಸೆದೆ. ಗಾರೆ ಹೋಗಿ ಕುಶಲಬಾಯಿಯ ತುಳಸಿಯ ಮೇಲೆ ಬಿತ್ತು. ಹುಡುಗಿ ಅತ್ತಳು. "ಆಡೂ ಕೂಸಿನ ಮ್ಯಾಲ ಇಷ್ಟ್ಯಾಕ ಹಾರ್ಯಾಡ್ತಿ?" ಎಂದು ನಿಮ್ಮವ್ವ ಬೈದಳು. ನಾನು ನೀರು ತಂದೆ. ತುಳಸಿ ತೊಳೆದೆ.

ಸಮವಸ್ತ್ರ ಹೊಲಿದು ಬಂದಿದೆ, ನೀಲಿ ಲಂಗ. ನಿನ್ನೆಯಿಂದ ಹಾಕಿಕೊಂಡೇ ಇದ್ದಾಳೆ. ಪಂಚಮಿಗೆ ನೀನೂ ಅಳಿಯನೂ ಬನ್ನಿ. ಹದಿನಾಲ್ಕೂ ಮಂದಿ ಬರಲಿ, ಕುಶಲಬಾಯಿಗೆ ಹೇಳಿಯಾಗಿದೆ. ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮನೆ ನೆಟ್ಟಗೆ ನಿಲ್ಲಲಿ.

ನಿನ್ನ ಅಪ್ಪ,
ಭೀಮಣ್ಣ

ತಾ. ಕ.: ಶಾಲೆಯ ಅರ್ಜಿಯಲ್ಲಿ ತಾಯಿಯ ಶಿಕ್ಷಣ ಎಂದು ಒಂದು ಸಾಲು ಇತ್ತು. ನಾನು ಮೂರನೇ ಇಯತ್ತೆ ಎಂದೆ. ಪಕ್ಕದಲ್ಲಿದ್ದ ಇಂದೂ, "ಅವ್ವ ದಡ್ಡಿ ಇದ್ಲಂತ, ಅದಕ್ಕ ಮಾಸ್ತರು ಸಾಲಿ ಬಿಡಿಸಿದ್ರಂತ" ಎಂದಳು. ನೀನೇ ಅವಳಿಗೆ ಹಾಗೆ ಹೇಳಿದ್ದೀಯ. ನಿನಗೆ ಹಾಗೆ ಹೇಳಿದವನು ನಾನು. ಅದು ಸುಳ್ಳು. ನಾವು ಊರು ಬಿಟ್ಟು ಪುಣೆಗೆ ಹೊರಟ ದಿನ ಮಾಸ್ತರು ಬಸ್ಸಿನ ತನಕ ಬಂದು, "ಭೀಮಣ್ಣ, ಹುಡುಗೀನ ನಮ್ಮ ಮನ್ಯಾಗ ಬಿಡು. ಇಡೀ ಸಾಲ್ಯಾಗ ಇಂಥಾಕಿ ಇಲ್ಲ. ನಾ ಓದಸ್ತೀನಿ" ಎಂದು ಕೈ ಹಿಡಿದಿದ್ದರು. ನನಗೆ ಪುಣೆಯಲ್ಲಿ ಬುಟ್ಟಿ ಹೊರಲು ಇನ್ನೊಂದು ತಲೆ ಬೇಕಾಗಿತ್ತು. ನೀನು ಸೊಲ್ಲಾಪುರದ ತನಕ ಅಳುತ್ತಿದ್ದೆ. ನಿನ್ನ ಬಾಯಿ ಮುಚ್ಚಿಸಲಿಕ್ಕೆ, ನೀನು ದಡ್ಡಿ ಎಂದು ಮಾಸ್ತರೇ ಹೇಳಿದರು ಅಂದೆ. ನೀನು ಸುಮ್ಮನಾದೆ. ಇಪ್ಪತ್ತು ವರ್ಷವಾಯಿತು. ಇಂದೂಗೆ ಖರೆ ಸಂಗತಿ ಆವತ್ತೇ ಹೇಳಿದೆ. ಅವಳು ಎರಡು ದಿನ ನನ್ನ ಸಂಗಡ ಮಾತು ಬಿಟ್ಟಿದ್ದಳು. ನೀನು ಎಷ್ಟು ದಿನ ಬಿಟ್ಟರೂ ಬಿಡು, ಆದರೆ ಪಂಚಮಿಗೆ ಬಾ.