ಸಾಲಿನಲ್ಲಿ ಲವೀನಾಳ ಜಾಗ

ಕುಮಟಾ, ೨೦೦೪

ಲವೀನಾ,

ಅಂಚೆಗೆ ಹಾಕುವುದಿಲ್ಲವೆಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಇವತ್ತು ಕಲ್ಲಿದ್ದಲು ಸ್ಥಾವರದ ಬಗ್ಗೆ ಜನರ ಅಹವಾಲು ಕೇಳುವ ಸಭೆಯಿತ್ತು. ಅದರ ಬೂದಿ ಅಘನಾಶಿನಿ ಹೊಳೆಗೆ ಬೀಳಬಾರದೆಂದು ಹೇಳಲು ನಮ್ಮ ಕಾನ್ವೆಂಟಿನ ಹಳೆ ಹುಡುಗಿಯರೆಲ್ಲ ಸೇರಿದ್ದೆವು. ಮೈಕಿನ ಮುಂದೆ ನೂಕುನುಗ್ಗಲು. ಈಗ ಕೋಲೂರಿ ನಡೆಯುವ ಸಿಸ್ಟರ್ ಇಮೆಲ್ಡಾ ಒಮ್ಮೆ ಚಪ್ಪಾಳೆ ತಟ್ಟಿದರು ನೋಡು! ಬ್ಯಾಂಕಿನವಳು, ಬಸುರಿ, ಮೀನು ಮಾರುವವಳು, ಎಲ್ಲರೂ ಬೆಳಗಿನ ಪ್ರಾರ್ಥನೆಗೆ ನಿಲ್ಲುವ ಹಾಗೆ ಎತ್ತರದ ಪ್ರಕಾರ ನಿಂತುಬಿಟ್ಟೆವು, ಮುಂದಿನವಳ ಹೆಗಲ ಮೇಲೆ ಕೈಯಿಟ್ಟು.

ನಾನೂ ಕೈ ಚಾಚಿದೆ. ಹೆಗಲು ಸಿಗಲಿಲ್ಲ. ಶಾಲೆಯಲ್ಲಿ ನನ್ನ ಮುಂದೆ ನಿಲ್ಲುತ್ತಿದ್ದ ನಿನ್ನ ಜಾಗ ಬಿಟ್ಟು ನಿಂತಿದ್ದೆ.

"ಎಂತ ಮಾರಾಯ್ತಿ, ಮಧ್ಯ ಲಾರಿ ಹೋಗ್ತದಾ? ಮುಂದೆ ಹೋಗೇ" ಎಂದು ಹಿಂದಿದ್ದ ಮಂಗಲಾ ತಿವಿದಳು. ಮೈಕಿನವರೆಗೂ ಆ ಜಾಗ ಬಿಟ್ಟುಕೊಂಡೇ ನಡೆದೆ.

ಸ್ಥಾವರಕ್ಕೆ ಭೂಮಿ ಮಾರಬೇಡಿ ಎಂಬ ನಮ್ಮ ಕರಪತ್ರದ ಮಾತುಗಳನ್ನೇ ಆಡಬೇಕೆಂದಿದ್ದೆ. ಬಾಯಿಗೆ ಬಂದದ್ದು ನಿನ್ನ ಅಮ್ಮ. ನೀರಿಳಿತದ ಹೊತ್ತಿಗೆ ಹೊಳೆಯ ಕೆಸರಲ್ಲಿ ಬಳಚಿನ ಚಿಪ್ಪು ಹೆಕ್ಕುವಾಗ, ನಮ್ಮ ಕೈಯಿಂದ ಸಣ್ಣ ಚಿಪ್ಪುಗಳನ್ನು ಕಸಿದು, "ಇದು ಬರೋ ವರ್ಷದ್ದು" ಎಂದು ವಾಪಸ್ ಹೂಳುತ್ತಿದ್ದರಲ್ಲ, ಅದನ್ನೇ ಹೇಳಿದೆ.

ನಿಮ್ಮಪ್ಪ ಸ್ಥಾವರದ ಕಂಪನಿಗೆ ಗದ್ದೆ ಮಾರಿ, ನೀವು ಮುಂಬಯಿ ಕಡೆಯ ವಸಯಿಗೆ ಹೊರಟ ದಿನ ನಾನು ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ಅವತ್ತು ಕರಪತ್ರ ಹಂಚುವುದಿತ್ತು. ಬೀಗ ಹಾಕಿದ ನಿಮ್ಮ ಬಾಗಿಲಿಗೂ ಒಂದು ಸಿಕ್ಕಿಸಿದ್ದೆ.

ಇವತ್ತು ಸಭೆ ಮುಗಿದು ಹೊರಡುವಾಗ ಸಿಸ್ಟರ್ ಕೇಳಿದರು: "ಲವೀನಾ ಎಲ್ಲಿ? ಸಾಲಿನಲ್ಲಿ ಅವಳ ಜಾಗ ಇತ್ತಲ್ಲ?"

"ಬರ್ತಾಳೆ ಸಿಸ್ಟರ್" ಎಂದುಬಿಟ್ಟೆ.

ವಿನುತಾ