ಅರ್ಧ ಮುಚ್ಚಳ

ನವೆಂಬರ್ 21, ಸಂಜೆ
ತಿರ್ಲಾಪುರದಿಂದ ಈಗಷ್ಟೇ ಬಂದೆ. ಮಹಾದೇವಕ್ಕನ ಕಡಲೆ ಹೊಲದಲ್ಲಿ ಅರವತ್ತು ಕಾಯಿಕೊರಕ ಹುಳ ಆರಿಸಿದೆ. ನನ್ನ ಪಿಎಚ್‌ಡಿ ಲ್ಯಾಬ್ ಪ್ರಯೋಗಕ್ಕೆ ಇಷ್ಟು ಸಾಕು. ಔಷಧ ಹೊಡೆದು ಹೊಡೆದು ಅವಳ ಕೈ ಮೊಣಕೈತನಕ ಸುಲಿದಿದೆ. ಹುಳ ಮಾತ್ರ ಆರಾಮ.
"ಅತಿಯಾ, ನೀ ಸಾಲಿ ಕಲತಾಕಿ. ಪಂಪಿಗೆ ಪೂರಾ ಒಂದ್ ಮುಚ್ಚಳ ಔಷಧ ಹಾಕಿದ್ರೂ ಸಾಯವಲ್ವು. ಏನ್ ಮಾಡ್ಲಿ?"
"ಹೆಂಗೂ ಸಾಯವಲ್ವಲ್ರಿ, ಅರ್ಧ ಮುಚ್ಚಳ ಹಾಕ್ರಿ. ಕೈಯಾದ್ರೂ ಉಳೀತಾವು" ಅಂದೆ.
ಆ ಕೈ ನೋಡಿ ಬಾಯಿಗೆ ಬಂತು, ಅಷ್ಟೇ.

ಡಿಸೆಂಬರ್ 20
ಹುಳಗಳು ಪತಂಗವಾಗಿ ಮೊಟ್ಟೆ ಇಟ್ಟಿವೆ. ಮೂರು ದಿನದಿಂದ ಎಣಿಕೆ. ಔಷಧವಿಲ್ಲದ ಮೇವು ತಿಂದವು — ಹೆಣ್ಣೊಂದಕ್ಕೆ ಸರಾಸರಿ 610. ಚೂರೇ ಚೂರು ಔಷಧ ಬೆರೆಸಿದ್ದು ತಿಂದವು — 870.
ತಪ್ಪಿದೆ ಅಂದುಕೊಂಡು ಮತ್ತೆ ಎಣಿಸಿದೆ. 874.
ಔಷಧಕ್ಕೆ ಒಗ್ಗಿಹೋದ ಹುಳಕ್ಕೆ ಕಡಿಮೆ ಡೋಸ್ ಕೊಟ್ಟರೆ ಸಂತಾನ ಹೆಚ್ಚುತ್ತದೆ. ಅರ್ಧ ಮುಚ್ಚಳ ಅಂದವಳು ನಾನು...


ಡಿಸೆಂಬರ್ 23
ಗೈಡ್ ಹಾರೂನ್ ಸರ್‌ಗೆ ತೋರಿಸಿದೆ. ಒಳ್ಳೇ ರಿಸಲ್ಟ್ ಅಂತ ಖುಷಿಪಟ್ಟರು. ಮಹಾದೇವಕ್ಕನ ವಿಷಯ ಹೇಳಿದಾಗ ಕನ್ನಡಕ ತೆಗೆದಿಟ್ಟರು.
"ಇದು ಒಂದ ತಲಿಮಾರಿನ ಲೆಕ್ಕ. ಇನ್ನೂ ಎರಡ್ ಸಲ ಮಾಡೂಣು. ಅಲ್ಲೀತನಕಾ ಯಾರಿಗೂ ಹೇಳಬ್ಯಾಡ."
"ಅಷ್ಟರಾಗ ಕಡಲಿ ಕಟಾವ್ ಆಗ್ತೈತ್ರಿ, ಸರ್."
"ಗೊತ್ತೈತಿ. ಹೇಳಿ ಏನ್ ಕೊಡ್ತಿ? ಬ್ಯಾರೆ ಔಷಧ ಐತೇನು ನಿನ್ನ ಕಡೆ?"
ಇಲ್ಲ.

ಡಿಸೆಂಬರ್ 29, ಮಧ್ಯಾಹ್ನ, ಬಸ್ಸಿನಲ್ಲಿ
ತಡೆಯಲಾಗಲಿಲ್ಲ. ತಿರ್ಲಾಪುರಕ್ಕೆ ಹೋಗಿ ಬರುತ್ತಿದ್ದೇನೆ. ಮಹಾದೇವಕ್ಕನ ಕೈ ವಾಸಿಯಾಗಿದೆ. ಮೊದಲು ಅದನ್ನೇ ತೋರಿಸಿದಳು. ಬಾಜು ಹೊಲದ ದಾವೂದಸಾಬ, ಆಚೆಯ ಹನಮಂತಪ್ಪ — ಇಬ್ಬರಿಗೂ ಅರ್ಧ ಮುಚ್ಚಳ ಹೇಳಿಕೊಟ್ಟಿದ್ದಾಳೆ. 'ಅತಿಯಾನ ಡೋಸ್' ಅಂತಾರಂತೆ.
ಗಿಡ ಅಲುಗಿಸಿದೆ. ಹುಳ ಉದುರಿದವು. ಕಾಯಿಗೊಂದು ತೂತು.
ಎಲ್ಲ ಹೇಳಿಬಿಟ್ಟೆ. ಬೈಯಲಿಲ್ಲ ಅವಳು. ಬೈದಿದ್ದರೆ...
"ಹಂಗಾದ್ರ ಪೂರಾ ಹಾಕ್ಲಿ?"
"ಪೂರಾ ಹಾಕಿದ್ರೂ ಸಾಯಂಗಿಲ್ರಿ."
"ಬಿಟ್ಟ ಬಿಡ್ಲಿ?"
"ಬಿಟ್ರೂ ತಿಂತಾವ್ರಿ."
"ಮತ್ತ ಇಷ್ಟ ಹೇಳಾಕ ಅಲ್ಲಿಂದ ಬಂದೇನಬೇ?"

ಜನವರಿ 6, ಸಂಜೆ
ಮಹಾದೇವಕ್ಕನ ಫೋನ್.
"ಎರಡ ಮುಚ್ಚಳ ಹಾಕೂಣು ಅಂತ ಮೂರೂ ಮಂದಿ ಮಾತಾಡೇವಿ. ನಾಳೆ ಮುಂಜಾನೆ ಹೊಡೀತೇವಿ. ನೀ ಏನಂತಿ?"
ಬೇಡ ಅಂದೆ. ಮತ್ತೇನು ಅಂತ ಕೇಳಿದಳು. ಫೋನ್ ಇಟ್ಟು, ಅಂಗಡಿ ಮುಚ್ಚುವ ಮೊದಲು ಪೇಟೆಗೆ ಹೋದೆ.

ಜನವರಿ 7, ಬೆಳಗ್ಗೆ 6:10
ಮೂರು ಜೊತೆ ಕೈಗವುಸು ಚೀಲದಲ್ಲಿದೆ. ಆರೂವರೆಗೆ ಬಸ್. ಹೋಗಿ ಇವನ್ನು ಕೊಡಬಹುದು. ಆಮೇಲೆ ಹೇಳುವುದಾದರೂ ಏನು — ಎರಡು ಬೇಡ, ಒಂದೂ ಬೇಡ, ಅರ್ಧವೂ ಬೇಡ? ಬಸ್ಸಿಗೆ ಹೊತ್ತಾಯಿತು, ಹೊರಟೆ.